ಕಡಲ ಮೇಲಣ ಕಿವಿಗಳು

ಅರಸನಿಗೆ ಮೊಗದಲ್ಲಿರುವ ಎರಡು ಕಣ್ಣುಗಳು ರಾಜ್ಯಭಾರಕ್ಕೆ ಸಾಲವೆಂದೂ, ಚಾರರೇ ಅವನ ದಿಟವಾದ ಕಣ್ಣುಗಳೆಂದೂ ನಮ್ಮ ನೀತಿಶಾಸ್ತ್ರಕಾರರು ಹೇಳಿರುವರು. ಆದುದರಿಂದಲೇ ಸಂಸ್ಕೃತ ವಾಙ್ಮಯದಲ್ಲಿ ರಾಜನಿಗೆ ‘ಚಾರಚಕ್ಷು’ ಎಂಬ ಹೆಸರು ಸಲ್ಲುವುದು. ಕೌಟಿಲ್ಯನು ಈ ಚಾರರನ್ನು ಎರಡು ವರ್ಗವಾಗಿ ವಿಂಗಡಿಸಿದನು. ಒಂದೆಡೆ ನೆಲೆನಿಂತು, ವರ್ತಕನೆಂದೋ ಬೇಸಾಯಗಾರನೆಂದೋ ತಪಸ್ವಿಯೆಂದೋ ವೇಷ ಹಾಕಿಕೊಂಡು ಸುದ್ದಿಯನ್ನು ಸಂಗ್ರಹಿಸುವವರು ‘ಸಂಸ್ಥ’ರು, ಊರೂರು ಅಲೆದು ಸಂಗ್ರಹಿಸುವವರು ‘ಸಂಚಾರ’ರು. ಬಹುಕಾಲ ಹೆಸರಿನಲ್ಲಿ ಮಾತ್ರ ಉಳಿದಿದ್ದ ಆತನ ಅರ್ಥಶಾಸ್ತ್ರವನ್ನು ಆರ್. ಶಾಮಶಾಸ್ತ್ರಿಗಳು ಮೈಸೂರಿನ ಓರಿಯೆಂಟಲ್ ಲೈಬ್ರರಿಯ ತಾಳೆಗರಿಗಳಲ್ಲಿ ಕಂಡು, 1909ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟ ಸಂಗತಿಯನ್ನು ವಾಚಕರು ಬಲ್ಲರು. ಆ ಹಳೆಯ ವಿಭಾಗವು ಇಂದಿನ ಯಂತ್ರಯುಗಕ್ಕೂ ಹೊಂದಿಕೊಳ್ಳುವುದನ್ನು ಕಂಡರೆ ಆಶ್ಚರ್ಯವಾಗುವುದು. ಇಂದು ಪ್ರಬಲ ರಾಷ್ಟ್ರಗಳು ತಮ್ಮ ನೆಲದಲ್ಲಿ ನಾಟಿರುವ ದೊಡ್ಡ ದೊಡ್ಡ ಆಂಟೆನಾಗಳು ಸಂಸ್ಥರ ಸ್ಥಾನದಲ್ಲಿರುವುವು. ಅವುಗಳಿಗೆ ಎಟುಕದ ಮಾತನ್ನು ಕೇಳಿ ತರುವುದಕ್ಕಾಗಿ ಕಡಲ ಮೇಲೆ ಅಲೆಯುವ ನೌಕೆಗಳು ಸಂಚಾರರ ಸ್ಥಾನದಲ್ಲಿರುವುವು. ಈ ಎರಡನೆಯ ಬಗೆಯನ್ನು ಕುರಿತು ಈ ತಿಂಗಳು ನಾಲ್ಕು ಮಾತು ಬರೆಯಲು ನಾವು ಉದ್ದೇಶಿಸಿರುವೆವು.

ಇವು ನೌಕಾದಳಕ್ಕೆ ಸೇರಿದುವಾದರೂ ಕಾದುವುದಕ್ಕೆ ಹುಟ್ಟಿದುವಲ್ಲ. ಇವುಗಳಲ್ಲಿ ಹೇಳಿಕೊಳ್ಳತಕ್ಕ ಫಿರಂಗಿಗಳಿರುವುದಿಲ್ಲ, ಓಟವೂ ಮಂದವೇ. ದೂರದಿಂದ ಕಂಡವರಿಗೆ ಸರಕಿನ ಹಡಗೋ ಮೀನು ಹಿಡಿಯುವ ಹಡಗೋ ಎಂಬ ಭ್ರಾಂತಿ ಉಂಟಾಗುವುದು. ಹತ್ತಿರ ಬಂದಾಗ ಮಾತ್ರ ಮೈತುಂಬ ಕಂಬಗಳು, ಚಾಚಿದ ತಂತಿಗಳು, ಮಂಕರಿಯನ್ನು ಬೋರಲು ಹಾಕಿದಂತೆ ಕಾಣುವ ಗುಮ್ಮಟಗಳು ಕಣ್ಣಿಗೆ ಬೀಳುವುವು. ಅವೆಲ್ಲವೂ ಕಿವಿಗಳೇ. ಪರರಾಷ್ಟ್ರದ ಸೈನ್ಯವು ಆಕಾಶಮಾರ್ಗವಾಗಿ ಆಡಿಕೊಳ್ಳುವ ಮಾತುಗಳನ್ನೂ, ಅದರ ಯಂತ್ರಗಳು ಹೊರಡಿಸುವ ಸಂಜ್ಞೆಗಳನ್ನೂ ಹಿಡಿದು ಬರೆದಿಟ್ಟುಕೊಳ್ಳುವುದೊಂದೇ ಇವುಗಳ ಕಾರ್ಯ. ರಾಜನಿಗೆ ಚಾರಚಕ್ಷುವೆಂದಂತೆ, ಇವುಗಳನ್ನು ಪಡೆದ ರಾಷ್ಟ್ರವನ್ನು ‘ಚಾರಶ್ರೋತ್ರ’ವೆಂದು ಕರೆದರೆ ವೈಯಾಕರಣರು ನಮ್ಮ ಮೇಲೆ ಮುನಿಯಲಾರರೆಂದು ನಂಬಿರುವೆವು.

ಇವುಗಳ ಕೆಲಸವು ಮನಸ್ಸಿಗೆ ಹತ್ತಬೇಕಾದರೆ ರೇಡಿಯೋ ಅಲೆಗಳ ಸ್ವಭಾವವನ್ನು ಸ್ವಲ್ಪ ತಿಳಿದಿರಬೇಕು. ಶಬ್ದವು ಹೇಗೆ ಹರಡುವುದೆಂಬುದನ್ನು ವಿವರಿಸುತ್ತ ನಮ್ಮ ನೈಯಾಯಿಕರು ಎರಡು ದೃಷ್ಟಾಂತಗಳನ್ನು ಕೊಟ್ಟಿರುವರು. ಕೊಳದಲ್ಲಿ ಕಲ್ಲು ಬಿದ್ದಾಗ ಅಲೆಯಿಂದ ಅಲೆ ಹುಟ್ಟಿ ದಡವನ್ನು ಮುಟ್ಟುವಂತೆ ಎಂಬುದು ವೀಚೀತರಂಗನ್ಯಾಯ. ಕದಂಬದ ಮೊಗ್ಗು ಒಮ್ಮೆಗೇ ಎಲ್ಲ ದಿಕ್ಕುಗಳಿಗೂ ಅರಳುವಂತೆ ಎಂಬುದು ಕದಂಬಮುಕುಲನ್ಯಾಯ. ರೇಡಿಯೋ ಅಲೆಯು ಶಬ್ದವಲ್ಲ, ಬೆಳಕಿನ ಜಾತಿಗೆ ಸೇರಿದುದು. ಅದಕ್ಕೆ ಗಾಳಿಯ ಆಶ್ರಯವೂ ಬೇಡ. ಆದರೂ ಹರಡುವ ರೀತಿಗೆ ಕದಂಬದ ದೃಷ್ಟಾಂತವು ಒಪ್ಪುವುದು. ಅಂಚೆಯ ಕಾಗದವು ಯಾರ ಹೆಸರಿಗೆ ಬರೆದಿದೆಯೋ ಅವರ ಮನೆಗೆ ಹೋಗುವುದು. ರೇಡಿಯೋ ಮಾತಿಗೆ ಅಂತಹ ಕಟ್ಟಿಲ್ಲ. ಸೇನಾಪತಿಯು ತನ್ನ ದಳವಾಯಿಗೆಂದು ಆಡಿದ ಮಾತು ನಾಲ್ಕು ದಿಕ್ಕಿಗೂ ಹೋಗಿ, ಕಿವಿಯಿದ್ದವನ ಬಾಗಿಲನ್ನೆಲ್ಲ ತಟ್ಟುವುದು. ಆದಕಾರಣವೇ ಸೈನ್ಯಗಳು ತಮ್ಮ ಮಾತನ್ನು ಗುಪ್ತಲಿಪಿಯಲ್ಲಿ ಅಡಗಿಸಿ ಕಳುಹಿಸುವುವು.

ಗುಪ್ತಲಿಪಿಯನ್ನು ಒಡೆಯಲಾಗದಿದ್ದರೂ ಕೇಳುವವನಿಗೆ ಲಾಭವಿಲ್ಲದಿಲ್ಲ. ಮಾತು ಯಾವ ದಿಕ್ಕಿನಿಂದ ಬಂದಿತು, ಯಾವ ಹೊತ್ತಿನಲ್ಲಿ ಹೆಚ್ಚಾಯಿತು, ಯಾವ ಠಾಣೆ ಒಮ್ಮೆಗೇ ಮೌನ ತಾಳಿತು ಎಂಬುದರಿಂದಲೇ ಸೈನ್ಯದ ಚಲನೆಯನ್ನು ಊಹಿಸಬಹುದು. ನೆರೆಮನೆಯ ಮಾತು ತಿಳಿಯದಿದ್ದರೂ, ನಡುರಾತ್ರಿಯಲ್ಲಿ ಅಲ್ಲಿ ದೀಪ ಹತ್ತಿ ಓಡಾಟ ಹೆಚ್ಚಿದರೆ ಏನೋ ಸಂಭವಿಸಿದೆಯೆಂದು ನಮಗೆ ಅರಿವಾಗುವುದಷ್ಟೆ. ಇದಲ್ಲದೆ ರಾಡಾರ್ ಎಂಬ ಯಂತ್ರವೊಂದುಂಟು. ಅದು ಅಲೆಯ ತುಣುಕುಗಳನ್ನು ಒಂದರ ಹಿಂದೊಂದಾಗಿ ಎಸೆದು, ವಿಮಾನಕ್ಕೋ ಹಡಗಿಗೋ ತಾಗಿ ಮರಳಿ ಬಂದುದನ್ನು ಹಿಡಿದು, ದೂರವನ್ನು ಅಳೆಯುವುದು. ಒಂದು ಬಗೆಯ ರಾಡಾರಿನ ತಾಳಕ್ಕೂ ಇನ್ನೊಂದು ಬಗೆಯದರ ತಾಳಕ್ಕೂ ಭೇದವಿರುವುದು. ಹೆಜ್ಜೆಯ ಸಪ್ಪಳದಿಂದಲೇ ಬಂದವರು ಮಗನೋ ಮಾವನೋ ಎಂದು ಮನೆಯಾಕೆಯು ಒಳಗಿನಿಂದಲೇ ಹೇಳುವಂತೆ, ಈ ತಾಳದಿಂದ ಇದು ಇಂತಹ ಕ್ಷಿಪಣಿಯ ಕಾವಲು ಯಂತ್ರವೆಂದು ನುರಿತವನು ಹೇಳಬಲ್ಲನು. ಪರೀಕ್ಷೆಗೆಂದು ಹಾರಿಸಿದ ಕ್ಷಿಪಣಿಯು ತನ್ನ ಸ್ಥಿತಿಗತಿಯನ್ನು ತನ್ನ ಒಡೆಯನಿಗೆ ಸಂಜ್ಞೆಗಳ ಮೂಲಕ ತಿಳಿಸುತ್ತಲೇ ಹೋಗುವುದು. ಅದೂ ಈ ಕಿವಿಗಳಿಗೆ ಆಹಾರವೇ.

ಇದಕ್ಕಾಗಿ ಕಡಲಿಗೇ ಏಕೆ ಹೋಗಬೇಕೆಂದು ಕೇಳಬಹುದು. ಕೆಲವು ಅಲೆಗಳು ಮೇಲಿನ ವಾಯುಮಂಡಲಕ್ಕೆ ತಾಗಿ ಮರಳಿ ಸಾವಿರಾರು ಮೈಲಿ ಹೋಗುವುವು. ಅವುಗಳನ್ನು ನೆಲದಿಂದಲೇ ಕೇಳಬಹುದು. ಆದರೆ ರಾಡಾರಿನ ಅಲೆಗಳೂ ಸಮೀಪದ ಠಾಣೆಗಳು ತಮ್ಮೊಳಗೆ ಆಡಿಕೊಳ್ಳುವ ಅಲೆಗಳೂ ಹೆಚ್ಚಾಗಿ ನೇರವಾಗಿ ಹರಿಯತಕ್ಕವು. ಭೂಮಿಯು ಗುಂಡಾಗಿರುವುದರಿಂದ ದಿಗಂತವೇ ಅವುಗಳಿಗೆ ಮೇರೆ. ಸಮುದ್ರದ ಮಟ್ಟದಿಂದ 25 ಮೀಟರು ಎತ್ತರದಲ್ಲಿರುವ ಆಂಟೆನಾಕ್ಕೆ ಆ ಮೇರೆಯು ಸುಮಾರು 20 ಕಿಲೋಮೀಟರು. ದಡದ ಗುಡ್ಡದ ಮೇಲೆ 100 ಮೀಟರು ಎತ್ತರದಲ್ಲಿರುವುದಕ್ಕೆ ಸುಮಾರು 40. ಇವೆರಡೂ ಕೂಡಿದರೆ 60 ಕಿಲೋಮೀಟರಿನಷ್ಟು ಅಂತರದಲ್ಲಿ ಒಂದರ ಸಂಜ್ಞೆ ಮತ್ತೊಂದಕ್ಕೆ ಕೇಳುವುದು. ಸಮುದ್ರದ ಧರ್ಮಶಾಸ್ತ್ರವೋ ಇದಕ್ಕೆ ಅನುಕೂಲವಾಗಿರುವುದು. 1982ರ ಅಂತಾರಾಷ್ಟ್ರೀಯ ಒಡಂಬಡಿಕೆಯಂತೆ ದಡದಿಂದ 12 ನಾಟಿಕಲ್ ಮೈಲಿಯವರೆಗೆ, ಎಂದರೆ ಸುಮಾರು 22 ಕಿಲೋಮೀಟರಿನವರೆಗೆ, ಕಡಲು ಆಯಾ ರಾಷ್ಟ್ರದ ಸ್ವತ್ತು. ಅದರೊಳಗೆ ಬಂದು ರಹಸ್ಯವನ್ನು ಕೇಳುವುದು ಅಪರಾಧ. ಅದರಾಚೆ ನಿಂತು ಕೇಳಿದರೆ ತಡೆಯುವವರಿಲ್ಲ. ಹೀಗಾಗಿ ದಡದಿಂದ ಮೂವತ್ತು ಕಿಲೋಮೀಟರು ದೂರದಲ್ಲಿ ಸುಮ್ಮನೆ ತೇಲುತ್ತಿರುವ ಹಡಗು ಕಾನೂನಿನ ಹೊರಗೂ ಕಿವಿಯ ಒಳಗೂ ಇರುವುದು.

ಈ ವಿದ್ಯೆಯ ಮೂಲ ಹಳೆಯದು. 1904ರಲ್ಲಿ ರಷ್ಯಾ ಜಪಾನುಗಳ ಯುದ್ಧವು ಮೊದಲಾಗುವ ಹೊತ್ತಿನಲ್ಲಿ, ಸೂಯೆಜ್ ಕಾಲುವೆಯಲ್ಲಿದ್ದ ಬ್ರಿಟಿಷರ ‘ಡಯಾನಾ’ ಎಂಬ ಹಡಗು ರಷ್ಯನರ ನಿಸ್ತಂತು ವಾರ್ತೆಗಳನ್ನು ಹಿಡಿದಿತು. ಆದರೆ ಕೇಳುವುದಕ್ಕೆಂದೇ ಪ್ರತ್ಯೇಕವಾಗಿ ಹಡಗುಗಳನ್ನು ಸಜ್ಜುಗೊಳಿಸುವ ವಾಡಿಕೆ ಬಲವಾದುದು ಎರಡನೆಯ ಮಹಾಯುದ್ಧದ ತರುವಾಯ, ಅಮೆರಿಕಾ ಸೋವಿಯತ್ ರಾಷ್ಟ್ರಗಳ ಶೀತಲ ಸಮರದ ಕಾಲದಲ್ಲಿ. ಸೋವಿಯತ್ತರು ಮೀನು ಹಿಡಿಯುವ ಹಡಗಿನ ಮಾದರಿಯಲ್ಲಿ ಕಟ್ಟಿದ ನೌಕೆಗಳ ಮೇಲೆ ಆಂಟೆನಾಗಳನ್ನು ನಿಲ್ಲಿಸಿ ಅಮೆರಿಕದ ನೌಕಾಬಲದ ಬೆನ್ನು ಹತ್ತಿಸಿದರು. ಅಮೆರಿಕದವರು ಯುದ್ಧಕಾಲದ ಹಳೆಯ ಸರಕಿನ ಹಡಗುಗಳನ್ನು ತೆಗೆದುಕೊಂಡು, ಹೊಟ್ಟೆಯೊಳಗೆ ಯಂತ್ರಗಳನ್ನು ತುಂಬಿ, ‘ತಾಂತ್ರಿಕ ಸಂಶೋಧನಾ ನೌಕೆ’, ‘ಪರಿಸರ ಸಂಶೋಧನಾ ನೌಕೆ’ ಎಂದು ಹೆಸರಿಟ್ಟರು. ಕೌಟಿಲ್ಯನ ಚಾರನು ತಪಸ್ವಿಯ ವೇಷ ಹಾಕಿದಂತೆ ಇವು ವಿಜ್ಞಾನಿಯ ವೇಷ ಹಾಕಿದುವು. ಅವುಗಳಲ್ಲಿ ಎರಡು ನೌಕೆಗಳ ಕಥೆಯನ್ನು ಇಲ್ಲಿ ಕೊಂಚ ವಿಸ್ತರಿಸಿ ಹೇಳುವೆವು.

ಮೊದಲನೆಯದು ‘ಲಿಬರ್ಟಿ’. 1945ರಲ್ಲಿ ಸರಕು ಸಾಗಿಸುವುದಕ್ಕಾಗಿ ಕಟ್ಟಿದ ಈ ಹಡಗು 455 ಅಡಿ ಉದ್ದವಾಗಿತ್ತು; ಸಿಬ್ಬಂದಿ 294 ಮಂದಿ; ಆತ್ಮರಕ್ಷಣೆಗೆ ನಾಲ್ಕು ಮೆಷೀನುಗನ್ನುಗಳು ಮಾತ್ರ. ಅದರ ಮೇಲೆ 16 ಅಡಿ ಅಗಲದ ಒಂದು ಬೋಗುಣಿಯಾಕಾರದ ಆಂಟೆನಾವಿದ್ದಿತು. ಅದರ ಕೆಲಸವು ವಿಚಿತ್ರವಾದುದು. ಇಲ್ಲಿಂದ ಕಳುಹಿಸಿದ ಸಂಜ್ಞೆಯು ಚಂದ್ರಮಂಡಲಕ್ಕೆ ತಾಗಿ, ಅಲ್ಲಿಂದ ಮರಳಿ ಅಮೆರಿಕವನ್ನು ಸೇರುವಂತೆ ಅದನ್ನು ರಚಿಸಿದ್ದರು. ನಮ್ಮ ಕವಿಗಳು ಮೋಡವನ್ನೂ ಹಂಸವನ್ನೂ ದೂತರನ್ನಾಗಿ ಮಾಡಿದರು. ಈ ಯಂತ್ರಜ್ಞರು ಚಂದ್ರನನ್ನೇ ದೂತನನ್ನಾಗಿ ಮಾಡಿದರು.

1967ರ ಜೂನ್ ತಿಂಗಳಿನಲ್ಲಿ ಇಸ್ರೇಲಿಗೂ ಅದರ ನೆರೆಯ ಅರಬ್ ರಾಷ್ಟ್ರಗಳಿಗೂ ಆರು ದಿನಗಳ ಯುದ್ಧವು ನಡೆಯಿತಷ್ಟೆ. ಆಫ್ರಿಕದ ಪಶ್ಚಿಮ ತೀರದಲ್ಲಿದ್ದ ಲಿಬರ್ಟಿಯನ್ನು ಅದಕ್ಕೆ ಕೊಂಚ ಮುಂಚಿತವಾಗಿ ಕರೆಸಿ, ಮೆಡಿಟರೇನಿಯನ್ ಸಮುದ್ರದ ಮೂಡಣ ಮೂಲೆಗೆ ಕಳುಹಿಸಿದ್ದರು. ಜೂನ್ 8ರಂದು ಅದು ಸಿನಾಯಿ ತೀರದ ಎಲ್ ಅರಿಶ್ ಊರಿನಾಚೆ ಅಂತಾರಾಷ್ಟ್ರೀಯ ಜಲದಲ್ಲಿತ್ತು. ಯುದ್ಧವು ಉರಿಯುತ್ತಿರುವಾಗ ಅಷ್ಟು ಸಮೀಪದಲ್ಲಿ ನಿಲ್ಲುವುದು ಅಪಾಯವೆಂದು ವಾಷಿಂಗ್ಟನ್ನಿನ ಸೇನಾ ಮುಖ್ಯರಿಗೆ ತೋರಿತು. ದಡದಿಂದ 100 ನಾಟಿಕಲ್ ಮೈಲಿ ದೂರಕ್ಕೆ ಸರಿಯಬೇಕೆಂದು ಹಲವು ಗಂಟೆಗಳ ಮುಂಚೆಯೇ ಅವರು ಆಜ್ಞೆ ಹೊರಡಿಸಿದರು. ಆ ಆಜ್ಞೆಯೊಂದೇ ಅಲ್ಲ, ಅದೇ ಅರ್ಥದ ಸಂದೇಶಗಳು ಒಂದಾದ ಮೇಲೊಂದು ಹೊರಟುವು. ಒಂದು ದಾರಿ ತಪ್ಪಿ ಫಿಲಿಪೀನ್ಸಿನ ಠಾಣೆಗೆ ಹೋಯಿತು. ಉಳಿದುವು ಅಲ್ಲಲ್ಲಿ ತಡೆದು ನಿಂತುವು. ಚಂದ್ರನ ಮೂಲಕ ಮಾತಾಡಬಲ್ಲ ನೌಕೆಗೆ ‘ಅಲ್ಲಿಂದ ಏಳು’ ಎಂಬ ಒಂದು ಮಾತು ಹೊತ್ತಿಗೆ ಸರಿಯಾಗಿ ಮುಟ್ಟಲಿಲ್ಲ.

ಮಧ್ಯಾಹ್ನ ಸುಮಾರು ಎರಡು ಗಂಟೆಗೆ ಇಸ್ರೇಲಿನ ವಿಮಾನಗಳು ಅದರ ಮೇಲೆರಗಿದುವು. ಅನಂತರ ಟಾರ್ಪೀಡೊ ದೋಣಿಗಳು ಬಂದುವು. ಒಂದು ಟಾರ್ಪೀಡೊ ಬಲಮಗ್ಗುಲಿಗೆ ತಾಗಿ ಸುಮಾರು 40 ಅಡಿ ಅಗಲದ ರಂಧ್ರವನ್ನು ಕೊರೆಯಿತು. ಕೇಳುವ ಯಂತ್ರಗಳಿದ್ದ ಕೋಣೆಗಳು ಅಲ್ಲಿಯೇ ಇದ್ದುದರಿಂದ, ಮಡಿದವರಲ್ಲಿ ಬಹುಮಂದಿ ಅದರೊಳಗೆ ಕೆಲಸದಲ್ಲಿದ್ದವರು. ಆಂಟೆನಾಗಳೆಲ್ಲ ಮುರಿದುಬಿದ್ದಿದ್ದುವು, ನಾವಿಕನೊಬ್ಬನು ಗುಂಡಿನ ಮಳೆಯಲ್ಲಿಯೇ ತಂತಿಯನ್ನೆಳೆದುಕೊಂಡು ಹೋಗಿ ಒಂದಕ್ಕೆ ಜೋಡಿಸಿದ ಮೇಲೆ ನೆರವು ಬೇಡುವ ಕೂಗು ಹೊರಟಿತು. ಕ್ಯಾಪ್ಟನ್ ವಿಲಿಯಂ ಮೆಗಾನಗಲ್ ಅವರು ಕಾಲಿಗೆ ಗಾಯವಾಗಿದ್ದರೂ ಹದಿನೇಳು ಗಂಟೆಗಳ ಕಾಲ ತಮ್ಮ ಸ್ಥಾನವನ್ನು ಬಿಡದೆ ಹಡಗನ್ನು ಉಳಿಸಿದರು. ಅದು ಕುಂಟುತ್ತ ಮಾಲ್ಟಾ ಬಂದರನ್ನು ಸೇರಿತು. 34 ಮಂದಿ ಸತ್ತಿದ್ದರು. 171 ಮಂದಿಗೆ ಗಾಯವಾಗಿದ್ದಿತು. ಈಜಿಪ್ಟಿನ ಹಡಗೆಂದು ಭ್ರಮಿಸಿ ಹೊಡೆದೆವೆಂದು ಇಸ್ರೇಲು ಕ್ಷಮೆ ಬೇಡಿ ಪರಿಹಾರದ್ರವ್ಯವನ್ನು ಕೊಟ್ಟಿತು. ಬದುಕುಳಿದವರಲ್ಲಿ ಅನೇಕರು ಆ ಮಾತನ್ನು ಒಪ್ಪಲಿಲ್ಲ; ಆ ವಿವಾದವು ಇನ್ನೂ ಆರಿಲ್ಲ. ಅದನ್ನು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಆಜ್ಞೆಯು ಮುಟ್ಟದೆ ಹೋದುದನ್ನು ಮಾತ್ರ ಅಮೆರಿಕದ ಪ್ರತಿನಿಧಿಸಭೆಯ ಉಪಸಮಿತಿಯೊಂದು ವಿಚಾರಣೆ ಮಾಡಿ, ರಕ್ಷಣಾ ಇಲಾಖೆಯ ಇತಿಹಾಸದಲ್ಲಿಯೇ ನಂಬಲಸಾಧ್ಯವಾದ ಲೋಪಗಳಲ್ಲೊಂದೆಂದು ಖಂಡಿಸಿತು.

ಇಷ್ಟಾದ ಮೇಲಾದರೂ ಎಚ್ಚರ ಬರಬೇಕಾಗಿದ್ದಿತು. ಎಂಟು ತಿಂಗಳು ತುಂಬುವುದರೊಳಗಾಗಿ ಎರಡನೆಯ ಅನರ್ಥವು ಸಂಭವಿಸಿತು. ಈ ನೌಕೆಯ ಹೆಸರು ‘ಪ್ವೆಬ್ಲೊ’. 1944ರಲ್ಲಿ ಅಮೆರಿಕದ ಭೂಸೈನ್ಯಕ್ಕೆ ಸರಕು ಹೊರುವುದಕ್ಕಾಗಿ ಕಟ್ಟಿದ, 177 ಅಡಿ ಉದ್ದದ ಸಣ್ಣ ಹಡಗು. ಗಂಟೆಗೆ ಸುಮಾರು 13 ನಾಟಿಕಲ್ ಮೈಲಿ ಓಟ. ಸಿಬ್ಬಂದಿ 83 ಮಂದಿ. ಆಯುಧವೆಂದರೆ ಎರಡು ಮೆಷೀನುಗನ್ನುಗಳು. ಅವುಗಳನ್ನು ಹೊದಿಸಿದ್ದ ಕಿತ್ತಾನು ಬಟ್ಟೆಯು ಚಳಿಗೆ ಹೆಪ್ಪುಗಟ್ಟಿ ಕಲ್ಲಾಗಿದ್ದಿತು. ಇದರ ನಾಯಕರು ಕಮಾಂಡರ್ ಲಾಯ್ಡ್ ಬುಕರ್. ಅಪಾಯ ಬಂದರೆ ರಹಸ್ಯ ಯಂತ್ರಗಳನ್ನು ಕ್ಷಣಮಾತ್ರದಲ್ಲಿ ನಾಶಮಾಡುವ ಸಾಧನ ಬೇಕೆಂದು ಅವರು ಮೊದಲೇ ಬೇಡಿದ್ದರು, ಅದು ಸಿಕ್ಕಿರಲಿಲ್ಲ.

1968ರ ಜನವರಿಯಲ್ಲಿ ಪ್ವೆಬ್ಲೊ ಜಪಾನಿನ ಸಾಸೆಬೊ ಬಂದರಿನಿಂದ ಉತ್ತರ ಕೊರಿಯದ ಮೂಡಣ ತೀರಕ್ಕೆ ಹೊರಟಿತು. ದಡಕ್ಕೆ 13 ನಾಟಿಕಲ್ ಮೈಲಿಗಿಂತ ಹತ್ತಿರ ಹೋಗಕೂಡದೆಂಬುದು ಆಜ್ಞೆ. ಈ ಯಾನದಲ್ಲಿ ಅಪಾಯವು ಅತ್ಯಲ್ಪವೆಂದು ಮೇಲಧಿಕಾರಿಗಳು ಕಾಗದದ ಮೇಲೆ ಬರೆದಿದ್ದರು. ಆದರೆ ಹಿಂದಿನ ಡಿಸೆಂಬರಿನ ಕೊನೆಯಲ್ಲಿಯೇ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯು, ಉತ್ತರ ಕೊರಿಯದವರ ನಡವಳಿಕೆ ಉಗ್ರವಾಗುತ್ತಿರುವುದರಿಂದ ನೌಕೆಗೆ ರಕ್ಷಣೆ ಬೇಕೇ ಎಂಬುದನ್ನು ಆಲೋಚಿಸಿರೆಂದು ಎಚ್ಚರಿಕೆಯ ಸಂದೇಶವನ್ನು ಕಳುಹಿಸಿತ್ತು. ಆ ಕಾಗದವು ಯಾನವನ್ನು ನಿಲ್ಲಿಸಲಿಲ್ಲ. ನೌಕೆಯ ನಾಯಕರ ಕೈಗೂ ಬರಲಿಲ್ಲ. ಜನವರಿ 21ರ ರಾತ್ರಿ ಉತ್ತರ ಕೊರಿಯದ 31 ಮಂದಿ ಸೈನಿಕರು ದಕ್ಷಿಣದ ರಾಜಧಾನಿಯಾದ ಸೋಲ್ ನಗರವನ್ನು ಹೊಕ್ಕು, ಅಲ್ಲಿನ ಅಧ್ಯಕ್ಷರನ್ನು ಕೊಲ್ಲಲು ಯತ್ನಿಸಿದರು. ಲೋಕಕ್ಕೆಲ್ಲ ತಿಳಿದ ಈ ಸುದ್ದಿಯನ್ನು ಅದೇ ತೀರದಲ್ಲಿ ತೇಲುತ್ತಿದ್ದ ಪ್ವೆಬ್ಲೊಗೆ ಯಾರೂ ತಿಳಿಸಲಿಲ್ಲ.

ಇನ್ನೊಂದು ಸಂಗತಿಯು, ಭಾಷೆಯನ್ನು ಕಲಿಸುವುದರಲ್ಲಿಯೇ ಆಯುಷ್ಯವನ್ನು ಕಳೆದ ನಮ್ಮಂತಹವರ ಮನಸ್ಸಿಗೆ ವಿಶೇಷವಾಗಿ ನಾಟುವುದು. ಕೊರಿಯನ್ ಭಾಷೆಯ ಮಾತುಗಳನ್ನು ಅರ್ಥಮಾಡುವುದಕ್ಕೆಂದು ಇಬ್ಬರು ಸೈನಿಕರನ್ನು ಹಡಗಿಗೆ ಹತ್ತಿಸಿದ್ದರು. ಅವರು ಆ ಭಾಷೆಯನ್ನು ಹಿಂದೆ ಎಂದೋ ಕಲಿತವರು, ರೂಢಿ ತಪ್ಪಿಹೋಗಿತ್ತು. ವೇಗವಾಗಿ ಆಡುವ ಮಾತನ್ನು ಹಿಡಿಯುವ ಶಕ್ತಿ ತಮಗಿಲ್ಲವೆಂದು ಅವರು ಮೇಲಿನವರಿಗೆ ಹೇಳಿದ್ದೂ ಉಂಟು. ಯಂತ್ರಕ್ಕೆ ಅಪಾರ ಹಣವನ್ನು ಸುರಿದವರು ಆ ಯಂತ್ರವು ಹಿಡಿದ ಮಾತನ್ನು ತಿಳಿಯುವ ಮನುಷ್ಯನ ವಿಷಯದಲ್ಲಿ ‘ಹೇಗಾದರೂ ನಡೆದೀತು’ ಎಂದುಬಿಟ್ಟರು. ಹೀಗಾಗಿ ತಮ್ಮನ್ನೇ ಕುರಿತು ಶತ್ರುಗಳು ಆಡಿಕೊಳ್ಳುತ್ತಿದ್ದ ಮಾತು ಆ ಕಿವಿಗಳಿಗೆ ಬಿದ್ದರೂ ಅರ್ಥವು ಹೊತ್ತಿಗೆ ಒದಗಲಿಲ್ಲ.

ಜನವರಿ 22ರಂದು ಕೊರಿಯದ ಎರಡು ಮೀನುಹಡಗುಗಳು ಪ್ವೆಬ್ಲೊವಿನ ಸಮೀಪಕ್ಕೆ ಬಂದು ನೋಡಿ ಹೋದುವು. ಮರುದಿನ ಮಧ್ಯಾಹ್ನ ಸಮರನೌಕೆಯೊಂದು ಬಂದು, ನೀವು ಯಾವ ರಾಷ್ಟ್ರದವರೆಂದು ಕೇಳಿತು. ಬುಕರರು ತಮ್ಮ ಧ್ವಜವನ್ನೇರಿಸಿದರು. ನಿಲ್ಲದಿದ್ದರೆ ಗುಂಡು ಹಾರಿಸುವೆವೆಂಬ ಸಂಜ್ಞೆ ಬಂದಿತು. ಟಾರ್ಪೀಡೊ ದೋಣಿಗಳು ಸುತ್ತುವರಿದುವು. ಮೇಲೆ ಯುದ್ಧವಿಮಾನಗಳು ಸುಳಿದುವು. ಹಡಗು ಕಡಲಿನ ಕಡೆಗೆ ತಿರುಗಿ ಓಡಲು ನೋಡಿತು. ಆದರೆ ಆನೆಯು ಚಿರತೆಗಳಿಂದ ಓಡಿ ತಪ್ಪಿಸಿಕೊಳ್ಳುವುದುಂಟೆ? ಗುಂಡುಗಳು ಬಿದ್ದುವು. ಒಳಗೆ ರಹಸ್ಯ ಪತ್ರಗಳನ್ನು ಸುಡುವುದಕ್ಕೆ ತೊಡಗಿದರು. ಸುಡುವ ಒಲೆಯು ಚಿಕ್ಕದು. ಕಾಗದದ ರಾಶಿ ದೊಡ್ಡದು. ಯಂತ್ರಗಳನ್ನು ಸುತ್ತಿಗೆಗಳಿಂದ ಕುಟ್ಟಿದರು. ಜಪಾನಿನ ಠಾಣೆಯೊಡನೆ ಮಾತು ನಡೆಯುತ್ತಲೇ ಇದ್ದಿತು. ನೆರವು ಮಾತ್ರ ಬರಲಿಲ್ಲ. ಡ್ವೇನ್ ಹಾಜಸ್ ಎಂಬ ನಾವಿಕನು ಗಾಯದಿಂದ ಮಡಿದನು. ಕೊನೆಗೆ ಕೊರಿಯದವರು ಹಡಗನ್ನೇರಿ, ಅದನ್ನು ವೊನ್ಸಾನ್ ಬಂದರಿಗೆ ಎಳೆದೊಯ್ದರು. ಹಡಗು ತಮ್ಮ ಜಲವನ್ನು ಹೊಕ್ಕಿತ್ತೆಂದು ಅವರ ವಾದ. ಹೊಕ್ಕಿರಲಿಲ್ಲವೆಂದು ಅಮೆರಿಕದವರ ವಾದ.

ಉಳಿದ 82 ಮಂದಿ ಹನ್ನೊಂದು ತಿಂಗಳು ಸೆರೆಯಲ್ಲಿದ್ದರು. ಹೊಡೆತಕ್ಕೆ ಮಿತಿಯಿರಲಿಲ್ಲ. ಬುಕರರು ತಮ್ಮ ಮೇಲಿನ ಹಿಂಸೆಗೆ ಬಗ್ಗಲಿಲ್ಲ. ಅವರ ಕಣ್ಣೆದುರಿನಲ್ಲಿ ಎಳೆಯ ನಾವಿಕರನ್ನು ಒಬ್ಬೊಬ್ಬರನ್ನಾಗಿ ಕೊಲ್ಲುವೆವೆಂದು ಹೆದರಿಸಿದಾಗ ಅವರು ತಪ್ಪೊಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದರು. ಸೆರೆಯಾಳುಗಳು ಸುಖವಾಗಿರುವರೆಂದು ಲೋಕಕ್ಕೆ ತೋರಿಸಲು ಕೊರಿಯದವರು ಅವರ ಛಾಯಾಚಿತ್ರಗಳನ್ನು ತೆಗೆದರು. ನಾವಿಕರು ಅದರಲ್ಲಿ ತಮ್ಮ ದೇಶದವರಿಗೆ ತಿಳಿಯುವ ತಿರಸ್ಕಾರದ ಬೆರಳ ಸಂಜ್ಞೆಯನ್ನು ಮಾಡಿ, ಇದು ಹವಾಯಿ ದ್ವೀಪದ ಶುಭಚಿಹ್ನೆಯೆಂದು ಕಾವಲುಗಾರರಿಗೆ ಹೇಳಿದರು. ನಿಜವಾದ ಅರ್ಥವು ಪತ್ರಿಕೆಯೊಂದರಲ್ಲಿ ಪ್ರಕಟವಾಗಿ ಕೊರಿಯದವರಿಗೆ ತಿಳಿದ ಮೇಲೆ ಅವರು ಅನುಭವಿಸಿದ ಯಾತನೆಯನ್ನು ಈ ಪತ್ರಿಕೆಯಲ್ಲಿ ವರ್ಣಿಸಲಾರೆವು. ಕಟ್ಟಕಡೆಗೆ ಅಮೆರಿಕದ ಮೇಜರ್ ಜನರಲ್ ಗಿಲ್ಬರ್ಟ್ ವುಡ್‌ವರ್ಡ್ ಅವರು, ಇದರಲ್ಲಿ ಬರೆದಿರುವುದು ನಿಜವಲ್ಲವೆಂದು ಬಾಯಿಂದ ಹೇಳಿ, ಕೈಯಿಂದ ಕ್ಷಮಾಪಣೆಯ ಪತ್ರಕ್ಕೆ ಸಹಿ ಹಾಕಿದರು. 1968ರ ಡಿಸೆಂಬರ್ 23ರಂದು ಆ 82 ಮಂದಿ ಸಂಗಡಿಗನ ಶವದೊಡನೆ ಗಡಿಯ ಸೇತುವೆಯನ್ನು ದಾಟಿದರು.

ತಾಯ್ನಾಡಿನಲ್ಲಿ ಬುಕರರಿಗೆ ವಿಚಾರಣೆ ಕಾದಿತ್ತು. ಕಾದದೆ ಹಡಗನ್ನು ಒಪ್ಪಿಸಿದುದಕ್ಕಾಗಿ ಅವರನ್ನು ಸೈನಿಕ ನ್ಯಾಯಾಲಯಕ್ಕೆ ಒಳಪಡಿಸಬೇಕೆಂದು ವಿಚಾರಣಾ ಮಂಡಲಿಯು ಹೇಳಿತು. ಅವರು ಪಟ್ಟ ಪಾಡೇ ಸಾಕೆಂದು ನೌಕಾ ಖಾತೆಯ ಕಾರ್ಯದರ್ಶಿ ಜಾನ್ ಚೇಫಿಯವರು 1969ರಲ್ಲಿ ಅದನ್ನು ಕೈಬಿಟ್ಟರು. ಬುಕರರು 2004ರಲ್ಲಿ ಕಾಲವಾದರು. ಎಚ್ಚರಿಕೆಯ ಕಾಗದವನ್ನು ಮೇಜಿನ ಮೇಲೆ ಉಳಿಸಿಕೊಂಡವರಿಗಿಂತ, ಅದು ಸಿಗದೆ ಸಂಕಟಕ್ಕೆ ಸಿಕ್ಕಿದವರ ವಿಚಾರಣೆಯೇ ಹೆಚ್ಚು ದೊಡ್ಡದಾಗಿ ನಡೆಯಿತು. ಇದು ಅಮೆರಿಕಕ್ಕೆ ಮಾತ್ರ ವಿಶೇಷವಾದ ನ್ಯಾಯವೆಂದು ಹೇಳಲಾರೆವು. ಕಚೇರಿಗಳೆಂಬುವಿರುವ ಕಡೆಯೆಲ್ಲ ಇದನ್ನು ಕಾಣಬಹುದು.

ಪ್ವೆಬ್ಲೊವಿನಲ್ಲಿ ಒಡೆಯದೆ ಉಳಿದ ಗುಪ್ತಲಿಪಿಯ ಯಂತ್ರಗಳು ಸೋವಿಯತ್ತರ ಕೈ ಸೇರಿದುವು. ಯಂತ್ರವಿದ್ದರೂ ದಿನದಿನವೂ ಬದಲಾಗುವ ಅದರ ‘ಕೀಲಿ’ ಇಲ್ಲದೆ ಪ್ರಯೋಜನವಿಲ್ಲವೆಂದು ಅಮೆರಿಕದವರು ಸಮಾಧಾನಪಟ್ಟುಕೊಂಡರು. ಆದರೆ ಅವರ ನೌಕಾದಳದಲ್ಲಿಯೇ ಜಾನ್ ವಾಕರ್ ಎಂಬಾತನು 1967ರಿಂದಲೇ ಆ ಕೀಲಿಗಳನ್ನು ಸೋವಿಯತ್ತರಿಗೆ ಮಾರುತ್ತಿದ್ದನು. ಅವನು ಸಿಕ್ಕಿಬಿದ್ದುದು 1985ರಲ್ಲಿ. ಪರರ ಮನೆಯ ಮಾತಿಗೆ ಕಡಲಿನಾಚೆ ಕಿವಿಯಿಟ್ಟವರ ಸ್ವಂತ ಮನೆಯ ಮಾತು ಹದಿನೇಳು ವರ್ಷಗಳಿಗೂ ಮೇಲ್ಪಟ್ಟು ಹೀಗೆ ಹೊರಗೆ ಹೋಗುತ್ತಿದ್ದಿತು. ಪ್ವೆಬ್ಲೊ ಈಗಲೂ ಪ್ಯೊಂಗ್ಯಾಂಗ್ ನಗರದಲ್ಲಿ ವಸ್ತುಸಂಗ್ರಹಾಲಯದ ಬಳಿ ಪ್ರದರ್ಶನಕ್ಕಿರುವುದು. ಅಮೆರಿಕದ ನೌಕಾದಳದ ಪಟ್ಟಿಯಲ್ಲಿ ಅದರ ಹೆಸರನ್ನು ಇನ್ನೂ ಹೊಡೆದುಹಾಕಿಲ್ಲ. ಅದರ ಜಾತಿಯ ಇತರ ಅಮೆರಿಕನ್ ನೌಕೆಗಳನ್ನು 1970ರ ವೇಳೆಗೆ ಸೇವೆಯಿಂದ ತೆಗೆದುಬಿಟ್ಟರು. 1972ರಲ್ಲಿ ಅಮೆರಿಕಾ ಸೋವಿಯತ್ ರಾಷ್ಟ್ರಗಳು ಕಡಲ ಮೇಲೆ ಎದುರುಬದುರಾದಾಗ ಹಡಗುಗಳು ಹೇಗೆ ನಡೆದುಕೊಳ್ಳಬೇಕೆಂಬ ಒಪ್ಪಂದಕ್ಕೆ ಬಂದುವು. ಇದೊಂದು ವಿವೇಕದ ಕಾರ್ಯವು.

ಹಾಗೆಂದು ಈ ಕುಲವು ಅಳಿಯಲಿಲ್ಲ. ನಾರ್ವೆ, ಸ್ವೀಡನ್, ಫ್ರಾನ್ಸ್, ಜರ್ಮನಿ, ರಷ್ಯಾ, ಚೀಣಾ ಮೊದಲಾದ ರಾಷ್ಟ್ರಗಳು ಹೊಸ ಹೊಸ ನೌಕೆಗಳನ್ನು ಕಟ್ಟಿರುವುವು. 1990ರ ದಶಕದಲ್ಲಿ ನಾರ್ವೆಯವರು ಕಟ್ಟಿದ ‘ಮರ್ಯಾತಾ’ ನೌಕೆಯು ಮೇಲಿನಿಂದ ನೋಡಿದರೆ ಇಸ್ತ್ರಿಪೆಟ್ಟಿಗೆಯಂತೆ ಮುಂದೆ ಚೂಪಾಗಿ ಹಿಂದೆ ಅಗಲವಾಗಿದ್ದಿತು. ಬಿರುಗಾಳಿಯ ಕಡಲಿನಲ್ಲಿ ಹಡಗು ಹೊಯ್ದಾಡದೆ ನಿಂತರೆ ಕಿವಿಯೂ ಸ್ಥಿರವಾಗಿರುವುದೆಂಬುದು ಅದರ ತಾತ್ಪರ್ಯ. ನಮ್ಮ ದೇಶದಲ್ಲಿಯೂ ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡಿನಲ್ಲಿ ಕಟ್ಟಿದ ‘ಧ್ರುವ’ ಎಂಬ ನೌಕೆಯು 2021ರ ಸೆಪ್ಟೆಂಬರ್ 10ರಂದು ನೌಕಾದಳವನ್ನು ಸೇರಿತು. ದೂರದಲ್ಲಿ ಹಾರುವ ಕ್ಷಿಪಣಿಗಳ ಗತಿಯನ್ನು ಹಿಂಬಾಲಿಸಿ ಅಳೆಯುವುದು ಅದರ ಮುಖ್ಯ ಕಾರ್ಯ. ಅಂತಹುದೇ ಕೆಲಸ ಮಾಡಬಲ್ಲ ಚೀಣಾದ ‘ಯುವಾನ್ ವಾಂಗ್ 5’ ಎಂಬ ನೌಕೆಯು 2022ರ ಆಗಸ್ಟಿನಲ್ಲಿ ಸಿಂಹಳದ ಹಂಬಂಟೋಟ ಬಂದರಿಗೆ ಬಂದಾಗ ನಮ್ಮ ರಾಷ್ಟ್ರವು ಕಳವಳಗೊಂಡುದನ್ನು ವಾಚಕರು ಮರೆತಿರಲಾರರು. ನೆರೆಯ ಜಗಲಿಯಲ್ಲಿ ಕಿವಿ ಬಂದು ಕುಳಿತರೆ ಯಾವ ಮನೆಯವರಿಗೂ ನಿಶ್ಚಿಂತೆಯಿರದು.

ಇನ್ನೊಂದು ಸಣ್ಣ ಸಂಗತಿಯನ್ನು ಹೇಳಿ ಮುಂದೆ ಹೋಗುವೆವು. 2017ರ ಏಪ್ರಿಲ್ 27ರಂದು ರಷ್ಯಾದ ‘ಲಿಮಾನ್’ ಎಂಬ ಗೂಢಶ್ರವಣದ ನೌಕೆಯು ಬಾಸ್ಫರಸ್ ಜಲಸಂಧಿಯ ಬಳಿ ಕಪ್ಪು ಸಮುದ್ರದಲ್ಲಿ ಮುಳುಗಿತು. ಅದನ್ನು ಮುಳುಗಿಸಿದುದು ಶತ್ರುವಲ್ಲ. ಮಂಜು ಕವಿದಿದ್ದ ಹೊತ್ತಿನಲ್ಲಿ ಸಾವಿರಾರು ಕುರಿಗಳನ್ನು ಹೊತ್ತು ಸಾಗುತ್ತಿದ್ದ ಒಂದು ವ್ಯಾಪಾರದ ಹಡಗು ಅದಕ್ಕೆ ಡಿಕ್ಕಿ ಹೊಡೆಯಿತು. ದೈವಾನುಗ್ರಹದಿಂದ 78 ಮಂದಿ ನಾವಿಕರೂ ಬದುಕಿದರು. ದಿಗಂತದಾಚೆಯ ಪಿಸುಮಾತನ್ನು ಕೇಳುವುದಕ್ಕಾಗಿ ಕಟ್ಟಿದ ಹಡಗು, ಮಗ್ಗುಲಿಗೆ ಬಂದ ಕುರಿಯ ಹಡಗನ್ನು ತಪ್ಪಿಸಿಕೊಳ್ಳಲಾರದೆ ಹೋಯಿತು.

ಈ ಕಥೆಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಒಂದು ಸತ್ಯವು ಎದ್ದು ಕಾಣುವುದು. ಲಿಬರ್ಟಿ ಪ್ವೆಬ್ಲೊಗಳಲ್ಲಿ ಕೆಟ್ಟುದು ಯಂತ್ರವಲ್ಲ. ಯಂತ್ರಗಳು ತಮಗೆ ವಿಧಿಸಿದ ಕೆಲಸವನ್ನು ಮಾಡಿದುವು. ಕೆಟ್ಟುದು ಕೇಳಿದ್ದನ್ನು ತಿಳಿಯುವ ಬುದ್ಧಿ. ತಿಳಿದುದನ್ನು ಯಾರಿಗೆ ಬೇಕೋ ಅವರಿಗೆ ಹೊತ್ತಿಗೆ ಮುಟ್ಟಿಸುವ ಶ್ರದ್ಧೆ. ಪರರ ಮಾತನ್ನು ಕದ್ದು ಕೇಳುವುದಕ್ಕೆ ರಾಷ್ಟ್ರವೊಂದು ಎಷ್ಟು ಬುದ್ಧಿಯನ್ನು ವ್ಯಯಮಾಡಿತೋ, ತನ್ನ ಮಕ್ಕಳಿಗೆ ‘ಅಲ್ಲಿಂದ ಏಳಿರಿ’ ಎಂದು ಹೇಳುವುದಕ್ಕೆ ಅದರ ನೂರರಲ್ಲೊಂದು ಪಾಲನ್ನೂ ವ್ಯಯಮಾಡಲಿಲ್ಲ. ಅದಕ್ಕೆ ಬೆಲೆ ತೆತ್ತವರು ಕಚೇರಿಯಲ್ಲಿ ಕುಳಿತವರಲ್ಲ, ಹಡಗಿನ ಹೊಟ್ಟೆಯೊಳಗೆ ಕಿವಿಗೆ ಯಂತ್ರ ತೊಟ್ಟು ಕುಳಿತಿದ್ದ ಎಳೆಯರು.

ಕೌಟಿಲ್ಯನು ಚಾರರ ವಿಷಯದಲ್ಲಿ ಎರಡು ನಿಯಮಗಳನ್ನು ಮಾಡಿರುವನು. ಒಬ್ಬನ ಮಾತನ್ನು ನಂಬಿ ಹೊರಡಬಾರದು, ಮೂವರ ಮಾತು ಒಂದಾದರೆ ನಂಬಬಹುದೆಂಬುದು ಒಂದು. ಅವಸರದ ಕಾರ್ಯವನ್ನು ಅರಸನು ಒಡನೆಯೇ ಕೇಳಬೇಕು, ಮುಂದಕ್ಕೆ ಹಾಕಿದುದು ಕಷ್ಟಸಾಧ್ಯವೋ ಅಸಾಧ್ಯವೋ ಆಗಿಬಿಡುವುದೆಂಬುದು ಮತ್ತೊಂದು. ಲೋಕವು ಮೊದಲನೆಯದನ್ನು ಯಂತ್ರಗಳಿಂದ ಸಾಧಿಸಿಕೊಂಡಿತು. ಎರಡನೆಯದನ್ನು ಸಾಧಿಸಲು ಯಂತ್ರ ಸಾಲದು. ಅದಕ್ಕೆ ಮನುಷ್ಯನೇ ಬೇಕು: ಬಂದ ಕಾಗದವನ್ನು ಬಿಡಿಸಿ ಓದುವವನು, ಓದಿದುದರ ಅರ್ಥವನ್ನು ಅರಿಯುವವನು, ಅರಿತ ಕೂಡಲೇ ಎದ್ದು ಹೋಗಿ ಹೇಳುವವನು.

ಗೃಹಸ್ಥರಾದ ನಮಗೆ ಹಡಗಿಲ್ಲ, ಆಂಟೆನಾಗಳ ಕಾಡಿಲ್ಲ. ಆದರೂ ಈಚೆಗೆ ಪ್ರತಿಯೊಬ್ಬರ ಅಂಗೈಯಲ್ಲಿಯೂ ಒಂದೊಂದು ಯಂತ್ರ ಬಂದು, ಲೋಕದ ಮಾತನ್ನೆಲ್ಲ ಕಿವಿಗೆ ಸುರಿಯುತ್ತಿರುವುದು. ದೂರದ ದೇಶದ ಜಗಳವು ಬೆಳಗಾಗುವುದರೊಳಗೆ ನಮಗೆ ತಿಳಿಯುವುದು. ಹಿತ್ತಿಲ ಕೋಣೆಯಲ್ಲಿರುವ ವೃದ್ಧೆಯು ಮೂರು ದಿನಗಳಿಂದ ಸರಿಯಾಗಿ ಉಣ್ಣಲಿಲ್ಲವೆಂಬುದಾಗಲಿ, ಶಾಲೆಯಿಂದ ಬಂದ ಹುಡುಗನು ಏನೋ ಹೇಳಲು ಬಂದು ಬಾಗಿಲಿನಿಂದಲೇ ಹಿಂದಿರುಗಿದನೆಂಬುದಾಗಲಿ ತಿಳಿಯದೆ ಉಳಿಯಬಹುದು. ಸುದ್ದಿ ಬರುವುದು ಒಂದು. ಅದು ಮುಟ್ಟಬೇಕಾದವರನ್ನು ಮುಟ್ಟುವುದು ಮತ್ತೊಂದು. ಈ ಎರಡರ ನಡುವಣ ಅಂತರವು ಕಡಲಿನಲ್ಲಿ ಮೂವತ್ತನಾಲ್ಕು ಪ್ರಾಣಗಳನ್ನು ತೆಗೆದುಕೊಂಡಿತು. ಮನೆಯಲ್ಲಿ ಅದು ಅಷ್ಟು ದೊಡ್ಡದಾಗಿ ಬೆಳೆಯುವುದಕ್ಕೆ ಮುಂಚೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿರುವುದು.